ಮೊದಲು ಹೋಗುವ ಒಂದು ರೂಪಾಯಿ

ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ಮೊರದ ಬಾಗಿನ ಇಲ್ಲ. ಅಪ್ಪ ತೀರಿಕೊಂಡ ವರ್ಷವೇ ಅದು ನಿಂತಿತು. ಗಂಡನಿಲ್ಲದವಳು ಬಾಗಿನದ ಮೊರ ಮುಟ್ಟಬಾರದು ಎಂದು ಬೀದಿಯ ಹೆಂಗಸರು ಹೇಳಿದರು. ಅವ್ವ ಎದುರಾಡಲಿಲ್ಲ. ಆದರೆ ನನ್ನ ಅಕ್ಕನ ಮದುವೆಯಾದ ವರ್ಷ ಹಬ್ಬದ ದಿನ ಬೆಳಿಗ್ಗೆ ಎದ್ದು ತೆರಕಣಾಂಬಿಯ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದಳು. ವೀಳ್ಯದೆಲೆಯ ಮೇಲೆ ದುಡ್ಡಿಟ್ಟು ಅಕ್ಕನ ಅಂಗೈಗೆ ಹಾಕಿ, ಬಳೆ ತೊಟ್ಟುಕೋ ಎಂದು ಹೇಳಿ ಬಂದಳು. ಮೊರ ಮುಟ್ಟಬಾರದು ಅಂದಿದ್ದಾರೆ, ದುಡ್ಡು ಮುಟ್ಟಬಾರದು ಅಂತ ಯಾರೂ ಅಂದಿಲ್ಲವಲ್ಲ ಎನ್ನುವುದು ಅವಳ ವಾದ. ಅಂದಿನಿಂದ ನಮ್ಮ ತವರಿನ ಬಾಗಿನವೆಂದರೆ ಆ ಬಳೆ ದುಡ್ಡೇ.

ಅವ್ವ ನಮ್ಮೂರು ಉಡಿಗಾಲದಲ್ಲಿ ಕೂಲಿ ಮಾಡಿ ಬದುಕಿದವಳು. ಅರಿಶಿನ ಅಗೆಯುವುದು, ಬೇಯಿಸುವುದು, ಬಾಳೆಗೆ ಮಣ್ಣು ಏರಿಸುವುದು, ಯಾರು ಕರೆದರೆ ಅವರ ಹೊಲ. ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟು ಅವ್ವನ ಜೊತೆ ಹೊಲಕ್ಕೆ ಹೋದಳು, ನಾನು ಶಾಲೆಗೆ ಹೋದೆ. ಮನೆಯಲ್ಲಿ ಇಬ್ಬರು ದುಡಿದರೆ ಒಬ್ಬಳು ಓದಬಹುದು ಎಂಬ ಲೆಕ್ಕ ಅದು. ಯಾರು ಯಾವಾಗ ಹಾಕಿದ ಲೆಕ್ಕವೋ ನನಗೆ ನೆನಪಿಲ್ಲ. ನಾನು ಬಿ.ಕಾಂ. ಮುಗಿಸಿದೆ. ನಮ್ಮ ಎರಡೂ ಕಡೆಯ ನೆಂಟರಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪರೀಕ್ಷೆ ಬರೆದು ಚಾಮರಾಜನಗರದ ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾದೆ, ಅಲ್ಲೇ ಒಂದು ರೂಮು ಮಾಡಿಕೊಂಡೆ. ಗೌನು ಹಾಕಿಕೊಂಡ ನನ್ನ ಫೋಟೋ ಅವ್ವನ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಇದೆ. ಊದುಬತ್ತಿಯ ಹೊಗೆಯ ಒಂದು ಸುತ್ತು ಅದಕ್ಕೂ ಸಿಗುತ್ತದೆ.

ಅಕ್ಕನನ್ನು ತೆರಕಣಾಂಬಿಗೆ ಕೊಟ್ಟಿದ್ದೇವೆ. ಭಾವ ಗೂಡ್ಸ್ ಆಟೋ ಓಡಿಸುತ್ತಾರೆ, ಹೊಲಗಳಿಂದ ತರಕಾರಿಯನ್ನು ಮಾರುಕಟ್ಟೆಗೆ ಹೊಡೆಯುತ್ತಾರೆ. ಅವಳ ಅತ್ತೆ ಕೆಟ್ಟವರಲ್ಲ, ಆದರೆ ಬಾಯಿ ಚುರುಕು. ಮದುವೆಯಾದ ಹೊಸತರಲ್ಲಿ, ಗಂಡು ದಿಕ್ಕಿಲ್ಲದ ತವರು, ನಾಲ್ಕು ವರ್ಷ ಬರುತ್ತಾರೆ, ಐದನೇ ವರ್ಷ ಮರೆಯುತ್ತಾರೆ ಎಂದು ಅವರು ಯಾರ ಹತ್ತಿರವೋ ಅಂದಿದ್ದರಂತೆ. ಅದು ಸುತ್ತಿಕೊಂಡು ಅವ್ವನ ಕಿವಿಗೆ ಬಂತು. ಅವ್ವ ಒಂದು ವರ್ಷವೂ ಹಬ್ಬ ಮಾತ್ರ ತಪ್ಪಿಸಲಿಲ್ಲ. ಜ್ವರ ಇದ್ದಾಗಲೂ ಹೋದಳು, ಬಸ್ಸು ಮುಷ್ಕರದ ವರ್ಷ ಹಾಲಿನ ಗಾಡಿ ಹತ್ತಿಕೊಂಡು ಹೋದಳು.

ತಪ್ಪುವ ಹಾಗೆ ಕಂಡದ್ದು ಅವಳ ಕಣ್ಣಿನ ವರ್ಷ.

ಎಡಗಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ನಿಗೆ ಕೊಟ್ಟ ದಿನ ಹಬ್ಬಕ್ಕೆ ಸ್ವಲ್ಪ ಮುಂಚೆ ಬಿತ್ತು. ಆಮೇಲೆ ಒಂದಷ್ಟು ದಿನ ಬಗ್ಗಬಾರದು, ಧೂಳಿಗೆ ಹೋಗಬಾರದು, ಬಸ್ಸಿನಲ್ಲಿ ಕುಲುಕಾಡಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಣ್ಣು ಹಬ್ಬ ಆದಮೇಲೆ ಮಾಡಿಸಿಕೊಂಡರಾಯಿತು ಎಂದು ಅವ್ವ ಹಟ ಹಿಡಿದಳು. ನಾನು, ಅಷ್ಟಕ್ಕೆ ಯಾಕೆ, ನನ್ನ ಫೋನಿನಿಂದ ಅಕ್ಕನ ಫೋನಿಗೆ ದುಡ್ಡು ಕಳಿಸುತ್ತೇನೆ, ಒಂದು ನಿಮಿಷದ ಕೆಲಸ ಎಂದೆ. ಒಲೆ ಮುಂದೆ ಕೂತಿದ್ದ ಅವ್ವ ತಿರುಗಿ ನೋಡಿದಳು.

"ನೀ ಕಳ್ಸುದ್ರೆ ತಂಗಿ ಕೊಟ್ಟಂಗಾಯ್ತದೆ ಕಣಮ್ಮಿ. ತವ್ರು ಕೊಟ್ಟಂಗಾಗದಿಲ್ಲ."

 ಒಲೆಯ ಬೆಂಕಿ ಸರಿ ಮಾಡಿ ಅವ್ವ ಕೇಳಿದಳು, ಆ ಒತ್ತುವುದನ್ನು ತನಗೆ ಕಲಿಸಿಕೊಡಲು ಆಗುತ್ತದೆಯೇ ಎಂದು.

ನನ್ನ ಹಳೆಯ ಫೋನು ಅವಳಿಗೆ ಕೊಟ್ಟೆ. ಅವಳ ಬ್ಯಾಂಕ್ ಖಾತೆಗೆ ಆ್ಯಪು ಜೋಡಿಸಿದೆ. ಅವ್ವನಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ತಕ್ಕಡಿಯ ಅಂಕಿ, ನೋಟಿನ ಅಂಕಿ, ಬಸ್ಸಿನ ಅಂಕಿ ಓದಿ ಓದಿ ಕಲಿತದ್ದು. ಹಾಗಾಗಿ ಅಕ್ಕನ ಹೆಸರಿನ ಪಕ್ಕ ಅಕ್ಕನ ಫೋಟೋ ಇಟ್ಟೆ. ಅದನ್ನು ಒತ್ತು, ಅಂಕಿ ಹಾಕು, ಆಮೇಲೆ ನಿನ್ನ ಗುಟ್ಟಿನ ನಂಬರು ಹಾಕು, ಹಸಿರು ಗುರುತು ಬಂದರೆ ಹೋಯಿತು ಅಂತ ಅರ್ಥ ಎಂದು ಹೇಳಿಕೊಟ್ಟೆ. ಗುಟ್ಟಿನ ನಂಬರು ಯಾವುದು ಇಡಬೇಕು ಎಂದು ಅವಳು ನನ್ನನ್ನೇ ಕೇಳಿದಳು. ಅದನ್ನು ನನಗೂ ಹೇಳಬಾರದು ಎಂದೆ.

"ನಿಂಗೂನಾ? ಎತ್ತವ್ಳು ಕಣಮ್ಮಿ ನಾನು. ನಿನ್ತಾವ ಮುಚ್ಚಿಕ್ಕಳದಾ?"

"ಬ್ಯಾಂಕಿನವರೇ ಬಂದು ಕೇಳಿದ್ರೂ ಹೇಳಬಾರದವ್ವ."

"ಅಂಗಾರೆ ಇದು ಸಂಚಿ ಇದ್ದಂಗೆ ಅನ್ನು."

ಸಂಚಿ ಎಂದರೆ ಅವಳ ಸೊಂಟದಲ್ಲಿರುವ ಬಟ್ಟೆಯ ಚೀಲ. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆ ಅವಳ ಚಿಲ್ಲರೆಯೂ ಅದರಲ್ಲೇ. ಅದಕ್ಕೆ ಅಪ್ಪ ಕೂಡ ಕೈ ಹಾಕಿದ್ದನ್ನು ನಾನು ನೋಡಿಲ್ಲ. ದುಡ್ಡು ತೆಗೆಯಬೇಕಾದರೆ ಅವ್ವ ಗೋಡೆ ಕಡೆ ತಿರುಗಿ, ಸೆರಗು ಅಡ್ಡ ಮಾಡಿಕೊಂಡು ಸಂಚಿಯ ದಾರ ಬಿಚ್ಚುತ್ತಾಳೆ. ಅವತ್ತು ಫೋನು ಹಿಡಿದುಕೊಂಡೂ ಗೋಡೆ ಕಡೆ ತಿರುಗಿದಳು. ಸೆರಗಿನೊಳಗೆ ಕೈ ಆಡಿಸಿ ನಂಬರು ಇಟ್ಟುಕೊಂಡಳು. ಅದು ಯಾವ ನಂಬರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಭಾನುವಾರಗಳಲ್ಲಿ ನಾವು ಅಭ್ಯಾಸ ಮಾಡಿದೆವು. ಅವಳು ಒಲೆ ಮುಂದೆ, ನಾನು ಜಗುಲಿಯಲ್ಲಿ. ಅವಳು ಹತ್ತು ರೂಪಾಯಿ ಕಳಿಸುವುದು, ನಾನು ಹಿಂದಕ್ಕೆ ಕಳಿಸುವುದು. ಜಗುಲಿಯಿಂದ ನಾನು ಬಂತು ಎಂದು ಕೂಗಿದರೆ ಒಳಗೆ ಅವಳು ನಗುತ್ತಿದ್ದಳು. ಇದಕ್ಕೆ ಬಸ್ ಚಾರ್ಜು ಇಲ್ಲವೇ ಎಂದು ಒಮ್ಮೆ ಕೇಳಿದಳು. ನಿನ್ನ ಬ್ಯಾಂಕಿನಿಂದ ಅವಳ ಬ್ಯಾಂಕಿಗೆ ನೆಟ್ಟಗೆ ಹೋಗುತ್ತದೆ, ನಡುವೆ ಯಾರೂ ಟಿಕೆಟ್ ಕೇಳುವುದಿಲ್ಲ ಎಂದೆ. ಅದು ಅವಳಿಗೆ ಬಹಳ ಹಿಡಿಸಿತು. ಹೊಲದಲ್ಲಿ ಜೊತೆಯವರಿಗೆಲ್ಲ ಹೇಳಿಕೊಂಡು ಬಂದಳು.

ಎಚ್ಚರದ ಮಾತುಗಳನ್ನೂ ಹೇಳಿದ್ದೆ. ಗೊತ್ತಿಲ್ಲದವರು ಕಳಿಸಿದ್ದನ್ನು ಮುಟ್ಟಬೇಡ, ನಂಬರು ಯಾರಿಗೂ ಹೇಳಬೇಡ, ದುಡ್ಡು ಬರುವಾಗ ಏನೂ ಒತ್ತುವುದು ಇರುವುದಿಲ್ಲ, ಅದರ ಪಾಡಿಗೆ ಅದು ಬರುತ್ತದೆ. ಅವ್ವ ಎಲ್ಲಕ್ಕೂ ಊಂ ಅಂದಳು. ಕಚೇರಿಯಲ್ಲಿ ನಮ್ಮ ಮೇಲಿನವರು ಸುತ್ತೋಲೆ ಓದಿದಾಗ ನಾನು ಅನ್ನುವ ಊಂ ಥರದ್ದೇ ಅದು ಎಂದು ನನಗೆ ಆಗ ಹೊಳೆಯಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲೇ ಇದ್ದಳು, ಪಕ್ಕದ ಮನೆಯವರು ಊಟಕ್ಕೆ ನೋಡಿಕೊಳ್ಳುತ್ತಿದ್ದರು. ಹಬ್ಬಕ್ಕೆ ಇನ್ನೊಂದು ವಾರವಿತ್ತೇನೋ. ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅವಳ ಫೋನು ಬಂತು. ದನಿಯಲ್ಲಿ ಖುಷಿ ಇತ್ತು. ಸರ್ಕಾರದವರು ಹಬ್ಬಕ್ಕೆ ಅಂತ ಹೆಂಗಸರಿಗೆ ದುಡ್ಡು ಹಾಕುತ್ತಿದ್ದಾರೆ, ಒಬ್ಬರು ಫೋನು ಮಾಡಿ ಅವ್ವಾ ಅವ್ವಾ ಎಂದು ಬಹಳ ಚೆನ್ನಾಗಿ ಮಾತಾಡಿದರು, ತಾನು ಇಸಿದುಕೊಂಡೆ ಎಂದಳು. ಹೇಗೆ ಇಸಿದುಕೊಂಡೆ ಎಂದು ಕೇಳಿದೆ. ಅದೇ, ನಂಬರು ಒತ್ತಿ, ಎಂದಳು.

 ಹೊರಗೆ ಬಂದು, ವರಾಂಡದಲ್ಲಿ ನಿಂತೇ ಬ್ಯಾಂಕಿಗೆ ಫೋನು ಮಾಡಿದೆ, ಸೈಬರ್ ಅಪರಾಧದ ಸಹಾಯವಾಣಿಗೂ ಮಾಡಿ ದೂರು ಬರೆಸಿದೆ. ಬೇಗ ಹೇಳಿದ್ದು ಒಳ್ಳೆಯದಾಯಿತು ಎಂದು ಆ ಕಡೆಯ ಹೆಣ್ಣುಮಗಳು ಸಮಾಧಾನ ಹೇಳಿದಳು. ಆದರೆ ದುಡ್ಡು ಆಗಲೇ ಇನ್ನೊಂದು ಖಾತೆ ದಾಟಿ ಹೋಗಿದೆ, ಪ್ರಯತ್ನ ಮಾಡುತ್ತೇವೆ ಎಂದಳು. ರಜೆ ಬರೆದುಕೊಟ್ಟು ಉಡಿಗಾಲಕ್ಕೆ ಹೊರಟೆ.

ಮನೆಗೆ ಹೋಗುವಷ್ಟರಲ್ಲಿ ಅವ್ವನಿಗೆ ಅರ್ಥವಾಗಿತ್ತು. ನಾನು ಹೇಳಬೇಕಾಗಿ ಬರಲಿಲ್ಲ. ಗೋಡೆಗೆ ಒರಗಿ, ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅರಿಶಿನದ ಕೂಲಿಯಲ್ಲಿ ಮಿಗಿಸಿ ಮಿಗಿಸಿ, ಅಕ್ಕನ ಬಳೆಗೆಂದು ಖಾತೆಯಲ್ಲಿ ಬಿಟ್ಟಿದ್ದ ದುಡ್ಡು ಅಷ್ಟೂ ಹೋಗಿತ್ತು. ಅವಳ ಫೋನಿಗೆ ಬಂದದ್ದು ದುಡ್ಡಲ್ಲ, ದುಡ್ಡು ಕೊಡಿ ಎನ್ನುವ ಕೋರಿಕೆ. ನಂಬರು ಒತ್ತಿದ್ದಕ್ಕೆ ಕೊಟ್ಟ ಹಾಗಾಯಿತು.

"ಅವ್ನು ನಂಬರ್ ಕೇಳ್ನಿಲ್ಲ ಕಣಮ್ಮಿ, ನಾನೂ ಏಳ್ನಿಲ್ಲ," ಎಂದಳು. "ಸೆರಗು ಮುಚ್ಕಂಡೇ ಒತ್ತುದ್ದು."

ನಾನು ಪಕ್ಕದಲ್ಲಿ ಕೂತೆ. ಬರುವ ದುಡ್ಡಿಗೆ ಏನೂ ಒತ್ತಬೇಕಿಲ್ಲ ಅಂತ ಹೇಳಿದ್ದೆನಲ್ಲವ್ವ ಎಂದು ಮೆಲ್ಲಗೆ ಅಂದೆ. ಅವ್ವ ಕನ್ನಡಕ ತೆಗೆಯದೆ ನನ್ನ ಕಡೆ ತಿರುಗಿದಳು.

"ಕೂಲಿ ಇಸ್ಕಳಕೂ ಎಬ್ಬೆಟ್ಟು ಒತ್ತಿವ್ನಿ. ಅಕ್ಕಿ ಇಸ್ಕಳಕೂ ಒತ್ತಿವ್ನಿ. ಪಿಂಚಣಿಗೂ ಒತ್ತಿವ್ನಿ. ಒತ್ತದೆ ಯಾವತ್ತು, ಯಾರು, ಏನು ಕೊಟ್ಟವ್ರೆ ಕೂಸೆ ನಂಗೆ?"

ಈ ಮಾತಿಗೆ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೇನೆ. ನಾವು ಓದಿದವರು ದುಡ್ಡು ಕೊಡುವಾಗ ಸಹಿ ಹಾಕುತ್ತೇವೆ, ಚೆಕ್ಕಿಗೆ ಹಾಕುವ ಹಾಗೆ. ಸಹಿ ಎಂದರೆ ನಮ್ಮಿಂದ ಏನೋ ಹೋಗುತ್ತದೆ ಎಂಬ ಎಚ್ಚರ ಕೈಗೇ ಇರುತ್ತದೆ. ಅವ್ವನಂಥವರು ಒತ್ತಿದ್ದೆಲ್ಲ ಪಡೆಯುವುದಕ್ಕೆ. ನ್ಯಾಯಬೆಲೆ ಅಂಗಡಿಯ ಮಷೀನಿನಲ್ಲಿ ಬೆರಳು ಮೂಡದೆ, ಮತ್ತೆ ಒರೆಸಿ, ಮತ್ತೆ ಒತ್ತಿ, ಅಕ್ಕಿ ಸಿಕ್ಕರೆ ಸಾಕು ಎಂದು ನಿಂತ ಸಾಲುಗಳೆಷ್ಟೋ. ಅವಳಿಗೆ ಬರುವುದೆಲ್ಲ ಒತ್ತಿದ ಮೇಲೇ ಬಂದದ್ದು. ನನ್ನ ಒಂದು ಮಾತಿನ ಎಚ್ಚರಿಕೆ ಆ ಬೆರಳಿನ ಅಭ್ಯಾಸದ ಮುಂದೆ ಎಷ್ಟರದ್ದು.

"ಬೈಯಮ್ಮಿ," ಎಂದಳು. "ಬೈದ್ಬುಡು ಒಂದ್ಸಲ."

ನಾನು ಬೈಯಲಿಲ್ಲ. ಎದ್ದು ಕಾಫಿ ಮಾಡಿದೆ. ಆಪರೇಶನ್ ಆದ ಕಣ್ಣು, ಅಳಬಾರದು ಎಂದು ಮಾತ್ರ ಹೇಳಿದೆ. ಅವಳು ಅಳಲೂ ಇಲ್ಲ. ಕಾಫಿ ಕುಡಿದು, ಅಕ್ಕನಿಗೆ ಹೇಳಬೇಡ ಎಂದಳು. ಎರಡು ಸಲ ಹೇಳಿದಳು. ಆಮೇಲೆ ಫೋನನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ, ರಾಗಿ ಡಬ್ಬದೊಳಗೆ ಹೂತುಬಿಟ್ಟಳು. ಹಾವನ್ನು ಹಿಡಿದು ಬುಟ್ಟಿಗೆ ಹಾಕಿದಂತಿತ್ತು ಅವಳು ಮುಚ್ಚಳ ಒತ್ತಿದ ರೀತಿ.

ನನಗೆ ತೋಚಿದ್ದು ಒಂದೇ ದಾರಿ. ದುಡ್ಡು ನಾನು ಕೊಡುತ್ತೇನೆ, ನಾನೇ ತೆಗೆದುಕೊಂಡು ಹೋಗುತ್ತೇನೆ, ಅವ್ವ ಕೊಟ್ಟಿದ್ದು ಅಂತ ಹೇಳಿದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದೆ.

"ಅವ್ಳಿಗೆ ಸುಳ್ಳು ಬಳೆ ತೊಡ್ಸದಾ?" ಎಂದಳು.

 ನಾನು ರೂಮಿಗೆ ಬಂದೆ. ಫೋನಿನ ಸಹವಾಸವೇ ಬೇಡ, ಹಬ್ಬ ಕಳೆದ ಮೇಲೆ ಆ ಆ್ಯಪನ್ನು ಅಳಿಸಿಹಾಕಿಬಿಡುವುದು ಎಂದು ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಈ ವರ್ಷ ಅಕ್ಕನ ಅಂಗೈ ಖಾಲಿ. ಅತ್ತೆಯ ಮಾತು ತಡವಾಗಿಯಾದರೂ ನಿಜವಾಗುತ್ತದೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ಭಾನುವಾರ ಉಡಿಗಾಲದಲ್ಲಿದ್ದಾಗ ಅಕ್ಕ ನನ್ನ ಫೋನಿಗೆ ಕರೆ ಮಾಡಿದಳು. ಅವ್ವನ ಫೋನು ಹೋಗುತ್ತಿಲ್ಲ, ಕೊಡು ಅಂದಳು. ಅವ್ವನಿಗೆ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಕಣ್ಣಿನ ವಿಚಾರ, ಊಟದ ವಿಚಾರ ಮುಗಿಸಿ ಅಕ್ಕ ಹೇಳಿದಳು:

"ಅವ್ವ, ನಮ್ಮತ್ತೆಗೆ ಏಳ್ಬುಟ್ಟಿವ್ನಿ. ಈ ಸಲ ನಮ್ಮವ್ವ ಫೋನಲ್ಲೇ ಬಳೆ ದುಡ್ಡು ಕಳುಸ್ತಳೆ, ಅವ್ಳೇ ಒತ್ತಿ ಕಳುಸ್ತಳೆ ಅಂತ. ಅವ್ರು ಬೀದಿಗೆಲ್ಲ ಸಾರ್ಕ ಬಂದವ್ರೆ. ಕಣ್ಣಾಪ್ರೇಸನ್ನು ಗಿಣ್ಣಾಪ್ರೇಸನ್ನು ಅಂತ ಮರ್ತ್ಗಿರ್ತೀಯ."

ಅವ್ವ ಊಂ ಎಂದಳು.  ಫೋನು ಇಟ್ಟಮೇಲೆ ಜಗುಲಿಗೆ ಹೋಗಿ ಕೂತಳು. ಕೋಳಿಗಳು ಕಾಲ ಸುತ್ತ ಕೆದರುತ್ತಿದ್ದವು. ಎದ್ದು ಪಕ್ಕದ ಮನೆಗೆ ಹೋದಳು. ಪಕ್ಕದ ಮನೆಯಾಕೆ ಬಂದು ಎರಡು ಹೇಟೆ ಕೋಳಿಗಳನ್ನು ಹಿಡಿದುಕೊಂಡು ಹೋದರು. ಆಮೇಲೆ ಅವ್ವ ಗೋಡೆ ಕಡೆ ತಿರುಗಿ ಸಂಚಿ ಬಿಚ್ಚಿ, ಅದರಲ್ಲಿದ್ದದ್ದನ್ನೂ ಕೋಳಿಯ ದುಡ್ಡನ್ನೂ ಸೇರಿಸಿ ನನ್ನ ಕೈಗೆ ಕೊಟ್ಟಳು. ಇದನ್ನು ನೀನು ಇಟ್ಟುಕೋ, ಇಷ್ಟನ್ನೇ ನನ್ನ ಖಾತೆಗೆ ಹಾಕು, ಒಂದು ರೂಪಾಯಿ ಜಾಸ್ತಿ ಹಾಕಿದರೂ ಗೊತ್ತಾಗುತ್ತದೆ ಎಂದಳು. ರಾಗಿ ಡಬ್ಬದಿಂದ ಫೋನು ಈಚೆಗೆ ಬಂತು. ಸೆರಗಿನಿಂದ ರಾಗಿಯ ಧೂಳು ಒರೆಸಿದಳು.

ನನಗೇ ಭಯವಾಯಿತು. ಬೇಡವ್ವ, ನೋಟೇ ಒಯ್ಯುತ್ತೇನೆ, ಇದು ನಿನ್ನದೇ ದುಡ್ಡಲ್ಲವಾ ಎಂದೆ. ಅವ್ವ ತಲೆ ಆಡಿಸಿದಳು. ಮಗಳು ಬೀದಿಗೆಲ್ಲ ಹೇಳಿಕೊಂಡಿದ್ದಾಳೆ, ಅವಳ ಮಾತು ಸುಳ್ಳಾಗಬಾರದು. ಹಾಗಾದರೆ ಈ ಸಲ ಒಂದು ಮಾತು ನೆಟ್ಟಗೆ ಕೇಳಿಸಿಕೋ ಎಂದು ಅವಳ ಮುಂದೆ ಕೂತೆ. ಎಷ್ಟೋ ಎಚ್ಚರಿಕೆಯ ಮಾತುಗಳ ಬದಲು ಒಂದೇ ಕೇಳಿದೆ.

"ಯಾರೋ ನಿಂಗೆ ದುಡ್ಡು ಕೊಡಕ್ಕೆ ಬಂದು, ಮೊದ್ಲು ನಿನ್ನ ಸಂಚಿ ಬಿಚ್ಚು ಅಂದ್ರೆ?"

ಅವ್ವ ಒಂದು ಗಳಿಗೆ ಯೋಚಿಸಿ ನಕ್ಕಳು. ದುಡ್ಡು ಹೋದಮೇಲೆ ಅದೇ ಮೊದಲ ನಗು. "ಕಳ್ನನ್ಮಗ ಅಂತೀನಿ," ಎಂದಳು.

ಅಷ್ಟೇ ಸಾಕಾಯಿತು. ಇವತ್ತಿಗೂ ಯಾರಾದರೂ ಫೋನು ಮಾಡಿ ದುಡ್ಡು ಬರುತ್ತದೆ, ಒತ್ತಿ ಎಂದರೆ ಅವ್ವ, ನಮ್ಮ ಸಂಚಿ ಬಿಚ್ಚಕಿಲ್ಲ ಎಂದು ಹೇಳಿ ಇಟ್ಟುಬಿಡುತ್ತಾಳೆ. ಆ ಕಡೆಯವರಿಗೆ ಏನು ಅರ್ಥವಾಗುತ್ತದೋ.

ಆದರೆ ಅವಳ ಚಿಂತೆ ಅಲ್ಲಿಗೆ ಮುಗಿದಿರಲಿಲ್ಲ. ಫೋನನ್ನು ಹತ್ತಿರ ಹಿಡಿದು ಅಕ್ಕನ ಫೋಟೋ ನೋಡಿದಳು. ಫೋಟೋ ಯಾರು ಬೇಕಾದರೂ ಅಂಟಿಸಬಹುದಲ್ಲವೇ ಎಂದು ಕೇಳಿದಳು. ಹೌದು, ಅದಕ್ಕೇ ಕಳಿಸುವ ಮುಂಚೆ ಬ್ಯಾಂಕಿನಲ್ಲಿರುವ ಹೆಸರು ಇಲ್ಲಿ ಬರುತ್ತದೆ, ಅದನ್ನು ಓದಿ ನೋಡಬೇಕು ಎಂದು ತೋರಿಸಿದೆ. ತೋರಿಸಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹೆಸರು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಇದ್ದರೂ ಅವಳಿಗೆ ಅಷ್ಟೇ.

ಅವ್ವ ಎಲೆಗೆ ಸುಣ್ಣ ಹಚ್ಚಿಕೊಂಡಳು. ಎಲೆ ಬಾಯಿಗೆ ಹಾಕಿಕೊಳ್ಳುವ ಮುಂಚೆ ಹೇಳಿದಳು: "ಮೇಲಿನ ಒಂದ್ರುಪಾಯಿ ಮೊದ್ಲು ಓಗ್ಲಿ. ಸೇರ್ತು ಅಂತ ಅವಳ ಬಾಯಲ್ಲೇ ಕೇಳ್ತೀನಿ. ಆಮೇಲೆ ಮಿಕ್ಕುದ್ದು."

ಶುಭಕ್ಕೆ ಕೊಡುವ ದುಡ್ಡು ಸೊನ್ನೆಯಲ್ಲಿ ನಿಲ್ಲಬಾರದು, ಮೇಲೆ ಒಂದು ರೂಪಾಯಿ ಸೇರಿಸಿಯೇ ಕೊಡಬೇಕು ಎನ್ನುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಅವ್ವನ ಬಳೆ ದುಡ್ಡಿನಲ್ಲೂ ನೋಟುಗಳ ಮೇಲೆ ಯಾವಾಗಲೂ ಒಂದು ನಾಣ್ಯ ಇರುತ್ತಿತ್ತು. ಆ ಕೊನೆಯ ರೂಪಾಯಿಯನ್ನು ಅವಳು ಮುಂದಕ್ಕೆ ತಂದಳು. ನಾವು ಹೆಸರು ನೋಡಿ ನಂಬುತ್ತೇವೆ, ಅವ್ವ ದನಿ ಕೇಳಿ ನಂಬುತ್ತಾಳೆ. ಹೋದರೆ ಒಂದು ರೂಪಾಯಿ ಹೋಗುತ್ತದೆ.

ಹಬ್ಬದ ದಿನ ನಾನು ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ತೆರಕಣಾಂಬಿಗೆ ಹೋದೆ. ಬಸ್ಸಿನ ತುಂಬ ತವರಿಗೆ ಹೋಗುವವರು, ತವರಿನಿಂದ ಬರುವವರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳ ಅತ್ತೆ ಕಡುಬಿನ ಹಿಟ್ಟು ನಾದುತ್ತಾ, ಅಮ್ಮನ ಕಣ್ಣು ಹೇಗಿದೆ ಎಂದು ವಿಚಾರಿಸಿದರು. ವಿಚಾರಿಸಿ, ಫೋನು ಯಾವ ಹೊತ್ತಿಗೆ ಬರುತ್ತದೆ ಎಂದೂ ಕೇಳಿದರು. ರಾಹುಕಾಲ ಕಳೆಯಲಿ ಅಂದಿದ್ದಾಳೆ ಎಂದೆ. ಅಕ್ಕನ ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ಮೂವರೂ ಅದನ್ನು ನೋಡದವರ ಹಾಗೆ ಕೆಲಸ ಮಾಡುತ್ತಿದ್ದೆವು. ಒಂದು ಸಲ ಸದ್ದಾಯಿತು, ಅದು ರೀಚಾರ್ಜಿನ ಮೆಸೇಜು. ಅತ್ತೆ ಗಂಟಲು ಸರಿಮಾಡಿಕೊಂಡರು.

 ಆ ಒಂದು ಕಣ್ಣಿನಲ್ಲಿ ಅವ್ವನಿಗೆ ಅಂಕಿ ಸರಿಯಾಗಿ ಕಾಣುತ್ತದೋ ಇಲ್ಲವೋ. ಬೆರಳು ತಪ್ಪಿ ಬೇರೆ ಫೋಟೋ ಒತ್ತಿದರೆ. ಫೋನು ಮಾಡಿ ಕೇಳೋಣವೆಂದರೆ, ಅವತ್ತು ನಾನು ಫೋನು ಮುಟ್ಟಕೂಡದು, ಮಾತಾಡುವುದಿದ್ದರೆ ಅಕ್ಕನೇ ಮಾತಾಡಬೇಕು ಎಂದು ಕಟ್ಟುಮಾಡಿ ಕಳಿಸಿದ್ದಳು.

ಫೋನು ಮತ್ತೆ ಸದ್ದಾಯಿತು. ಅಕ್ಕ ಕೈ ಒರೆಸಿಕೊಂಡು ನೋಡಿದಳು, ನನ್ನ ಮುಖ ನೋಡಿದಳು.

ಎಷ್ಟು ಎಂದು ಅತ್ತೆ ಕೇಳಿದರು. ಒಂದು ರೂಪಾಯಿ ಎಂದಳು ಅಕ್ಕ.

ಅತ್ತೆ ಹಿಟ್ಟಿನಿಂದ ಕೈ ತೆಗೆಯದೆ ಹೇಳಿದರು, "ಬಳೆ ನೋಡ್ಕಂಡು ಬರಕೆ ಆಯ್ತದೆ ಬುಡು."

ಅಕ್ಕನ ಮುಖ ಕೆಂಪಾಯಿತು. ಫೋನು ಮಾಡು ಎಂದು ನಾನು ಸನ್ನೆ ಮಾಡಿದೆ. ಮಾಡಿದಳು. ಅವ್ವನ ದನಿ ಆ ಕಡೆಯಿಂದ, ಸ್ಪೀಕರ್ ಹಾಕದೆಯೇ, ನಮಗೆಲ್ಲ ಕೇಳುವಷ್ಟು ಜೋರಾಗಿ ಬಂತು.

"ಬಂತಾ ಒಂದ್ರುಪಾಯಿ?"

"ಬಂತವ್ವ."

"ನೀನೇನಾ ಮಾತಾಡ್ತಿರದು?"

"ನಾನೇ ಕಣವ್ವ. ಇನ್ಯಾರು?"

"ಎಲ್ಲಿ, ಇನ್ನೊಂದ್ಸಲ ಅವ್ವ ಅನ್ನು."

"ಅವ್ವ."

"ಊಂ. ಮಡಗು," ಎಂದು ಇಟ್ಟುಬಿಟ್ಟಳು.

ಮತ್ತೆ ಕಾದೆವು. ಈ ಸಲ ಯಾರೂ ಕೆಲಸ ಮಾಡುವ ಹಾಗೆ ನಟಿಸಲಿಲ್ಲ. ಅತ್ತೆ ಕೂಡ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕಿಟಕಿಯ ಹತ್ತಿರ ನಿಂತರು. ಉಡಿಗಾಲದಲ್ಲಿ ಅವ್ವ ಗೋಡೆ ಕಡೆ ತಿರುಗಿರುತ್ತಾಳೆ, ಸೆರಗು ಅಡ್ಡ ಮಾಡಿಕೊಂಡಿರುತ್ತಾಳೆ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಸದ್ದಾಯಿತು. ಅಕ್ಕ ಎಷ್ಟು ಎಂದು ಬಾಯಿಬಿಟ್ಟು ಹೇಳಲಿಲ್ಲ, ಫೋನನ್ನು ಅತ್ತೆಯ ಮುಂದೆ ಹಿಡಿದಳು. ಅವರಿಗೂ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ನೋಡಿದರು. ಹಿಂದಿನ ವರ್ಷಗಳಷ್ಟು ಇರಲಿಲ್ಲ, ಎರಡು ಕೋಳಿ ಮತ್ತು ಒಂದು ಸಂಚಿಯ ದುಡ್ಡು ಎಷ್ಟಿದ್ದೀತು. ಅತ್ತೆ ಹೊರಗೆ ಹೋಗಿ, ಪಕ್ಕದ ಮನೆಯವರಿಗೆ ಕೇಳುವ ಹಾಗೆ, ನಮ್ಮ ಬೀಗಿತ್ತಿ ಕಳುಸುದ್ಲು ಎಂದು ಹೇಳಿ ಬಂದರು.

ಅಕ್ಕ ಒಳಗೆ ಹೋಗಿ ತನ್ನ ಚಿಲ್ಲರೆ ಡಬ್ಬಿಯಿಂದ ಒಂದು ರೂಪಾಯಿಯ ನಾಣ್ಯ ತಂದಳು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಗೌರಿಯ ಮುಂದೆ ಇಟ್ಟಳು. ಮೊದಲು ಬಂದ ಆ ರೂಪಾಯಿ ಅಂಗೈಗೆ ಸಿಗುವಂಥದ್ದಲ್ಲವಲ್ಲ, ಅದಕ್ಕೆ ಬದಲು ಇದು. ಊಟ ಆದಮೇಲೆ ನಾವಿಬ್ಬರೂ ಅಂಗಡಿಗೆ ಹೋಗಿ ಹಸಿರು ಬಳೆ ತೊಡಿಸಿಕೊಂಡು ಬಂದೆವು. ಹೊರಡುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗಳನ್ನು ಗುಂಡ್ಲುಪೇಟೆಗೆ ಕೊಟ್ಟಿದೆ. ಆ ಒಂದು ರೂಪಾಯಿ ಮೊದಲು ಕಳಿಸುವುದು ಹೇಗೆ, ತಮಗೂ ಒಂದು ಸಲ ತೋರಿಸಿಕೊಡು ಎಂದರು. ಹಿರಿಯವರು, ಕೇಳಲು ಸಂಕೋಚ. ಬೆರಳುಗಳನ್ನು ಉಜ್ಜುತ್ತಾ ಕೇಳಿದರು. ಮುಂದಿನ ಸಲ ಬಂದಾಗ ಕೂತು ಹೇಳಿಕೊಟ್ಟೆ.

ಬಸ್ ಸ್ಟ್ಯಾಂಡಿನವರೆಗೂ ಅಕ್ಕ ಬಂದಳು. ಚಾಮರಾಜನಗರದ ಬಸ್ಸು ಬಂದಿರಲಿಲ್ಲ. ಬಳೆಗಳನ್ನು ಮೊಣಕೈ ಕಡೆ ಸರಿಸುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ಅವ್ವನ ದುಡ್ಡು ಓಗಿದ್ದು ನಂಗೊತ್ತು ಕಣಮ್ಮಿ."

ಉಡಿಗಾಲದಿಂದ ತರಕಾರಿ ಮಾರಲು ಬಂದಿದ್ದ ಹೆಂಗಸೊಬ್ಬರು ಭಾವನ ಆಟೋ ಹತ್ತಿರ ಹೇಳಿದ್ದರಂತೆ. ದುಡ್ಡು ಹೋಯಿತು ಎಂದು ಅವ್ವ ಫೋನು ಆರಿಸಿ ಮೂಲೆ ಹಿಡಿದಿದ್ದಾಳೆ ಎಂದು. ಮತ್ತೆ, ಅತ್ತೆ ಬೀದಿಗೆಲ್ಲ ಸಾರಿದ್ದಾರೆ ಅಂದಿದ್ದೆಯಲ್ಲ ಎಂದು ಕೇಳಿದೆ.

"ನಾ ಅವ್ವಂಗೆ ಫೋನ್ ಮಾಡ್ದಾಗ ಅತ್ತೆಗೆ ಏನೂ ಏಳಿರ್ನಿಲ್ಲ. ಅವ್ವಂಗೆ ಏಳಾದ್ಮೇಲೆ ಓಗಿ ಅತ್ತೆಗೆ ಏಳುದ್ದು. ಅಂಗಂದಿಲ್ದಿದ್ರೆ ಅವ್ವ ಇನ್ನೆಂದೂ ಆ ಫೋನ್ ಮುಟ್ತಿರ್ನಿಲ್ಲ. ಎದ್ರಿ ಕುಂತ್ಬುಡ್ತಿದ್ಲು." ಬಸ್ಸು ತಿರುಗುವುದು ಕಂಡಿತು. "ನಂಗೊತ್ತು ಅಂತ ಅವ್ವಂಗೆ ಏಳ್ಬೇಡ."

ಹೋದ ದುಡ್ಡು ಬರಲಿಲ್ಲ. ದೂರಿನ ಬಗ್ಗೆ ಎಷ್ಟೋ ಸಲ ವಿಚಾರಿಸಿ ಸುಮ್ಮನಾದೆ. ಅಪರಿಚಿತರು ಹಾಗೆ ಕೋರಿಕೆ ಕಳಿಸುವ ದಾರಿಯನ್ನೇ ಈಗ ಮುಚ್ಚಿದ್ದಾರಂತೆ, ಒಳ್ಳೆಯದು. ಅಕ್ಕನಿಗೆ ಹೇಳಬೇಡ ಎಂದ ಅವ್ವ, ಅವ್ವನಿಗೆ ಹೇಳಬೇಡ ಎಂದ ಅಕ್ಕ, ಇಬ್ಬರ ಮಾತನ್ನೂ ನಾನು ಉಳಿಸಿಕೊಂಡಿದ್ದೇನೆ. ಇಲ್ಲಿ ಬರೆದದ್ದಕ್ಕೆ ತೊಂದರೆಯಿಲ್ಲ. ಅವ್ವ ಓದುವುದಿಲ್ಲ. ಅಕ್ಕ ಓದುತ್ತಾಳೆ, ಆದರೆ ಅವಳಿಗೆ ಗೊತ್ತಿರುವುದೇ.

ಅವ್ವನ ಇನ್ನೊಂದು ಕಣ್ಣಿನ ಆಪರೇಶನ್ನೂ ಆಗಿದೆ. ಈಗ ಬಸ್ಸು ಹತ್ತಿ ಹೋಗಬಹುದು, ಹೋಗುತ್ತಾಳೆ ಕೂಡ. ಆದರೂ ಬಳೆ ದುಡ್ಡು ಮಾತ್ರ ಫೋನಿನಲ್ಲೇ ಹೋಗಬೇಕು. ಅದರ ರುಚಿ ಹತ್ತಿದೆ. ನನಗೂ ಮದುವೆಯಾಯಿತು. ಗೌರಿ ಹಬ್ಬದ ದಿನ, ರಾಹುಕಾಲ ಕಳೆದ ಮೇಲೆ, ನನ್ನ ಫೋನು ಒಂದು ಸಲ ಸದ್ದಾಗುತ್ತದೆ. ನಾನು ತೆರೆದು ನೋಡುವುದಿಲ್ಲ, ಎಷ್ಟೆಂದು ಗೊತ್ತು. ಅವ್ವನಿಗೆ ಫೋನು ಮಾಡುತ್ತೇನೆ.

"ನೀನೇನಾ?" ಎನ್ನುತ್ತಾಳೆ.

"ನಾನೇ ಕಣವ್ವ," ಎನ್ನುತ್ತೇನೆ.